ಅಕ್ರಮ, ಸಕ್ರಮ ಮತ್ತು ಒಂದು ತಾರೀಖು

‘ಅಕ್ರಮ-ಸಕ್ರಮ’ ಎಂಬುದು ನಮ್ಮ ನಾಡಿನ ಆಡಳಿತವು ಕನ್ನಡಕ್ಕೆ ಕೊಟ್ಟ ಜೋಡುನುಡಿ. ಹುಕುಮಿಲ್ಲದೆ ಸರಕಾರಿ ಜಮೀನನ್ನು ಉತ್ತು ಬಿತ್ತಿದ ರೈತ ಮೊದಲು ನಮೂನೆ 50 ತುಂಬಿದ. ಅದು ತಪ್ಪಿಹೋದವನು ನಮೂನೆ 53 ತುಂಬಿದ. ಅದೂ ತಪ್ಪಿದವನಿಗಾಗಿ ನಮೂನೆ 57 ಬಂದಿತು. ಊರು ಬಿಟ್ಟು ಬಂದು ದಶಕಗಳು ಕಳೆದ ನಮ್ಮ ಮನೆಗಳಲ್ಲೂ, ಬಗರ್ ಹುಕುಂ ಅರ್ಜಿ ಹಿಡಿದು ತಾಲ್ಲೂಕು ಕಚೇರಿಯ ಮೆಟ್ಟಿಲು ಸವೆಸಿದ ದೊಡ್ಡಪ್ಪನದೋ ಸೋದರಮಾವನದೋ ಕಥೆ ಒಂದಾದರೂ ಇರುತ್ತದೆ. ಜಮೀನಿನ ವಿಷಯ ಹಾಗಿರಲಿ. ರಹದಾರಿಯಿಲ್ಲದೆ ಪರದೇಶಕ್ಕೆ ಬಂದು ಅಲ್ಲೇ ನೆಲೆನಿಂತ ಮನುಷ್ಯನನ್ನು ಅಕ್ರಮದಿಂದ ಸಕ್ರಮಕ್ಕೆ ತರುವ ಕಾನೂನು ಹೇಗಿರಬೇಕು? ಈ ಪ್ರಶ್ನೆಯನ್ನು ಹಲವು ದೇಶಗಳ ಸರಕಾರಗಳು ಎದುರಿಸಿವೆ. ಅವು ಕಂಡುಕೊಂಡ ಉತ್ತರಗಳಲ್ಲಿ ಬಹಳ ಚರ್ಚೆಗೊಳಗಾದದ್ದು ಅಮೆರಿಕ 1986ರಲ್ಲಿ ಮಾಡಿದ ಕಾನೂನು. ಅದರ ಗುಣದೋಷಗಳನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ದೂರದ ದೇಶದ ಹಳೆಯ ಕಾನೂನು ನಮಗೇಕೆ ಎಂದು ಓದುಗರು ಕೇಳಬಹುದು. 2025ರ ಫೆಬ್ರವರಿ 5ರಂದು ಅಮೆರಿಕದ ಸೇನಾ ವಿಮಾನವೊಂದು 104 ಮಂದಿ ಭಾರತೀಯರನ್ನು, ಪ್ರಯಾಣದಲ್ಲಿ ಕೈಗೆ ಕೋಳ ಕಾಲಿಗೆ ಸರಪಳಿ ತೊಡಿಸಿ, ಅಮೃತಸರಕ್ಕೆ ತಂದಿಳಿಸಿತು. ಆಗ ನಮ್ಮ ನಡುವೆ ಎರಡು ಬಗೆಯ ಮಾತು ಕೇಳಿಬಂದವು. ‘ಪಾಪ, ಹೊಟ್ಟೆಪಾಡಿಗೆ ಹೋದವರು’ ಎಂದರು ಕೆಲವರು. ‘ನಮ್ಮ ಹುಡುಗರು ನೇರ ದಾರಿಯಲ್ಲಿ ಹೋಗಿ ವರ್ಷಗಟ್ಟಲೆ ಸಾಲಿನಲ್ಲಿ ನಿಂತಿಲ್ಲವೆ? ಇವರ ಮೇಲೇಕೆ ದಯೆ?’ ಎಂದರು ಹಲವರು. ದಯೆ ತೋರಬೇಕೆ ಬೇಡವೆ ಎಂಬಲ್ಲಿಗೇ ಎರಡೂ ಮಾತು ನಿಂತುಬಿಡುತ್ತವೆ. 1986ರ ಕಾನೂನಿನಲ್ಲಿ ದಯೆಗೆ ಕೊರತೆಯಿರಲಿಲ್ಲ. ಅದರ ಕೊರತೆ ಬೇರೆಡೆ ಇತ್ತು. ಅದು ಯಾವುದೆಂದು ತಿಳಿದರೆ ಈ ಚರ್ಚೆಗೆ ಸ್ವಲ್ಪ ಬೆಳಕು ಬಿದ್ದೀತು.

‘ಇಮಿಗ್ರೇಷನ್ ರಿಫಾರ್ಮ್ ಅಂಡ್ ಕಂಟ್ರೋಲ್ ಆಕ್ಟ್’ ಎಂಬ ಈ ಕಾನೂನಿಗೆ ಅಧ್ಯಕ್ಷ ರೊನಾಲ್ಡ್ ರೇಗನ್ 1986ರ ನವೆಂಬರ್ 6ರಂದು ಅಂಕಿತ ಹಾಕಿದರು. ಇದರ ಹಿಂದೆ ಫಾದರ್ ಥಿಯೊಡೋರ್ ಹೆಸ್‌ಬರ್ಗ್ ನೇತೃತ್ವದ ಆಯೋಗ 1981ರಲ್ಲಿ ಕೊಟ್ಟ ವರದಿಯಿತ್ತು. ರಿಪಬ್ಲಿಕನ್ ಪಕ್ಷದ ಸೆನೆಟರ್ ಆಲನ್ ಸಿಂಪ್ಸನ್ ಮತ್ತು ಡೆಮೊಕ್ರಾಟಿಕ್ ಪಕ್ಷದ ರೊಮಾನೊ ಮಜೋಲಿ ಇವರಿಬ್ಬರ ವರ್ಷಾನುಗಟ್ಟಲೆಯ ಶ್ರಮವಿತ್ತು. ಕಾನೂನು ಮೂರು ಕಾಲುಗಳ ಮೇಲೆ ನಿಂತಿತ್ತು. ಗಡಿಯ ಕಾವಲನ್ನು ಬಿಗಿ ಮಾಡುವುದು ಒಂದು. ಕಾಗದವಿಲ್ಲದವರನ್ನು ತಿಳಿದೂ ಕೆಲಸಕ್ಕಿಟ್ಟುಕೊಳ್ಳುವ ಮಾಲೀಕರಿಗೆ ದಂಡ ವಿಧಿಸುವುದು ಎರಡು. ಆಗಲೇ ನೆಲೆನಿಂತವರನ್ನು ಸಕ್ರಮಗೊಳಿಸುವುದು ಮೂರು. 1982ರ ಜನವರಿ 1ಕ್ಕೆ ಮುಂಚಿನಿಂದ ಅಮೆರಿಕದಲ್ಲಿ ನಿರಂತರವಾಗಿ ವಾಸವಾಗಿದ್ದವರು ಅರ್ಜಿ ಹಾಕಬಹುದು. ಅರ್ಜಿಗೆ 1987ರ ಮೇ 5ರಿಂದ 1988ರ ಮೇ 4ರವರೆಗೆ ಒಂದು ವರ್ಷದ ಅವಧಿ. ಮೊದಲು ತಾತ್ಕಾಲಿಕ ಪರವಾನಗಿ. 18 ತಿಂಗಳ ನಂತರ, ಇಂಗ್ಲಿಷಿನ ಮತ್ತು ಅಮೆರಿಕದ ಇತಿಹಾಸ-ಆಡಳಿತದ ಸಾಮಾನ್ಯ ಜ್ಞಾನ ತೋರಿಸಿದರೆ, ಕಾಯಂ ವಾಸದ ಹಕ್ಕು.

ಮೊದಲು ಗುಣಗಳನ್ನು ಹೇಳುವುದು ನ್ಯಾಯ. ಈ ಸಾಮಾನ್ಯ ಯೋಜನೆಯಲ್ಲಿ ಸುಮಾರು 17 ಲಕ್ಷದ 60 ಸಾವಿರ ಜನ, ಬೇಸಾಯದ ಕೂಲಿಗಳಿಗಾಗಿ ಇದ್ದ ಇನ್ನೊಂದು ಯೋಜನೆಯಲ್ಲಿ ಸುಮಾರು 13 ಲಕ್ಷ ಜನ ಅರ್ಜಿ ಹಾಕಿದರು. ಕೊನೆಗೆ ಸುಮಾರು 27 ಲಕ್ಷ ಜನರಿಗೆ ಕಾಯಂ ವಾಸದ ಹಕ್ಕು ದೊರೆಯಿತು. ಅವರಲ್ಲಿ ಬಹುಪಾಲು ಮೆಕ್ಸಿಕೊ ದೇಶದವರು. ಅರ್ಜಿಯಲ್ಲಿ ಬರೆದ ವಿವರಗಳನ್ನು ಅರ್ಜಿದಾರನನ್ನು ಗಡೀಪಾರು ಮಾಡಲು ಬಳಸಬಾರದೆಂದು ಕಾನೂನೇ ಕಟ್ಟುಮಾಡಿತು. ಬಚ್ಚಿಟ್ಟುಕೊಂಡವನು ಧೈರ್ಯವಾಗಿ ಮುಂದೆ ಬರಲೆಂದು ಚರ್ಚುಗಳಿಗೂ ಸೇವಾ ಸಂಸ್ಥೆಗಳಿಗೂ ಅರ್ಜಿ ಸ್ವೀಕರಿಸುವ ಅಧಿಕಾರ ಕೊಟ್ಟಿತು. ಸಕ್ರಮಗೊಂಡವರ ಕೂಲಿ ಮುಂದಿನ ವರ್ಷಗಳಲ್ಲಿ ಏರಿತೆಂದು ಅಲ್ಲಿನ ಕಾರ್ಮಿಕ ಇಲಾಖೆಯ ಅಧ್ಯಯನವೇ ಹೇಳಿತು. ಕಾಗದ ಕೈಗೆ ಬಂದವನು ಮಾಲೀಕನ ಎದುರು ತಲೆಯೆತ್ತಿ ಮಾತಾಡಬಲ್ಲ. ಬೇರೆ ಕೆಲಸ ಹುಡುಕಬಲ್ಲ. ಇಷ್ಟು ದೊಡ್ಡ ಪ್ರಮಾಣದಲ್ಲಿ ಜನರನ್ನು ಭಯದಿಂದ ಬಿಡಿಸಿದ ಕಾನೂನನ್ನು ಹಗುರವಾಗಿ ಕಾಣುವಂತಿಲ್ಲ.

ಇನ್ನು ದೋಷಗಳು. ಮೊದಲನೆಯದು ಪುರಾವೆಯದು. ಕಾಗದವಿಲ್ಲದಿರುವುದೇ ಯಾರ ಸ್ಥಿತಿಯೋ ಅವರಿಂದ ಐದು ವರ್ಷಗಳ ಕಾಗದವನ್ನು ಕೇಳಲಾಯಿತು. ಸಂಬಳದ ಚೀಟಿ, ಬಾಡಿಗೆ ರಸೀದಿ, ವಿದ್ಯುತ್ತಿನ ಬಿಲ್ಲು, ಮಕ್ಕಳ ಶಾಲೆಯ ದಾಖಲೆ, ಮಾಲೀಕನ ಪತ್ರ—ಇವೆಲ್ಲ ಬೇಕು. ನಗದು ಕೂಲಿಗೆ ದುಡಿದವನು, ಹೆಸರು ಬದಲಿಸಿಕೊಂಡು ದುಡಿದವನು, ಮತ್ತೊಬ್ಬರ ಮನೆಯಲ್ಲಿ ಪಾತ್ರೆ ತೊಳೆದ ಹೆಂಗಸು, ಇವರು ಎಲ್ಲಿಂದ ತರಬೇಕು? ಗುರುತು ಸಿಗದಂತೆ ಬದುಕಿದವನು ಗುರುತಿಟ್ಟುಕೊಂಡು ಬದುಕಿದ್ದೆನೆಂದು ತೋರಿಸಬೇಕಾಯಿತು. ಶುಲ್ಕವೋ, ವಯಸ್ಕರಿಗೆ 185 ಡಾಲರು, ಒಂದು ಕುಟುಂಬಕ್ಕೆ ಗರಿಷ್ಠ 420 ಡಾಲರು. ಊರಿಗೆ ಹೋಗಿ ಬಂದಿದ್ದರೆ ಒಂದು ಸಲದ ಗೈರುಹಾಜರಿ 45 ದಿನ, ಎಲ್ಲ ಸೇರಿ 180 ದಿನ ಮೀರಬಾರದು. ತಾಯಿಯ ಕಾಯಿಲೆಗೆಂದು ಹೋದವನು ಈ ಲೆಕ್ಕವನ್ನು ಮೊದಲೇ ತಿಳಿದು ಹೋಗಿರಲು ಸಾಧ್ಯವೆ?

ಇದಕ್ಕಿಂತ ವಿಚಿತ್ರವಾದ ಇನ್ನೊಂದು ಷರತ್ತಿತ್ತು. ವಿದ್ಯಾರ್ಥಿಯಾಗಿಯೋ ಪ್ರವಾಸಿಯಾಗಿಯೋ ವೀಸಾ ಪಡೆದೇ ಬಂದು, ಆಮೇಲೆ ನಿಯಮ ತಪ್ಪಿ ಉಳಿದವರ ವಿಷಯ ಅದು. ಅಂಥವನ ವೀಸಾ ಅವಧಿ 1982ರ ಜನವರಿ 1ಕ್ಕೆ ಮೊದಲೇ ಮುಗಿದಿರಬೇಕು. ಇಲ್ಲವೆ, ಅವನು ನಿಯಮ ಮೀರಿದ್ದಾನೆಂಬುದು ಆ ದಿನಕ್ಕೆ ‘ಸರಕಾರಕ್ಕೆ ತಿಳಿದಿರಬೇಕು’. ಸರಕಾರಕ್ಕೆ ತಿಳಿಯದಂತೆ ಇದ್ದದ್ದರಿಂದಲೇ ಅವನು ಅಲ್ಲಿ ಉಳಿದಿದ್ದು! ‘ಸರಕಾರ’ ಎಂದರೆ ಯಾವ ಇಲಾಖೆ ಎಂಬ ತಗಾದೆ ಬೇರೆ ಹುಟ್ಟಿತು. ವಲಸೆ ಇಲಾಖೆಗೇ ತಿಳಿದಿರಬೇಕೆಂದು ಆ ಇಲಾಖೆ ಬಿಗಿಯಾಗಿ ಅರ್ಥ ಮಾಡಿತು, ನ್ಯಾಯಾಲಯಗಳು ಒಪ್ಪಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬಂತಾಯಿತು. ಗೈರುಹಾಜರಿ ನಿಯಮವನ್ನು ಇಲಾಖೆ ತಪ್ಪಾಗಿ ಅರ್ಥೈಸಿದ್ದರಿಂದ ಅರ್ಜಿಯನ್ನೇ ಹಾಕದೆ ಹಿಂದೆ ಸರಿದವರ ಪರವಾಗಿ ಹೂಡಿದ ದಾವೆಗಳು ರಾಜಿಯಲ್ಲಿ ಮುಗಿದದ್ದು 2004ರಲ್ಲಿ. ಒಂದು ವರ್ಷದ ಅರ್ಜಿ ಅವಧಿಗೆ ಹದಿನಾರು ವರ್ಷಗಳ ವ್ಯಾಜ್ಯ!

ಬೇಸಾಯದ ಕೂಲಿಗಳ ಯೋಜನೆ ಇದಕ್ಕೆ ತದ್ವಿರುದ್ಧ. 1986ರ ಮೇ 1ಕ್ಕೆ ಮುಗಿಯುವ ವರ್ಷದಲ್ಲಿ 90 ದಿನ ಹೊಲದ ಕೆಲಸ ಮಾಡಿದ್ದರೆ ಸಾಕು. ದೊಡ್ಡ ತೋಟಗಳ ಮಾಲೀಕರ ಒತ್ತಡದಿಂದ ಬಂದ ರಿಯಾಯಿತಿಯಿದು. ಇಲ್ಲಿ ಪುರಾವೆ ಎಷ್ಟು ಸಡಿಲವಾಗಿತ್ತೆಂದರೆ, ಹೊಲದ ಮುಖವನ್ನೇ ಕಾಣದವರೂ ಮೇಸ್ತ್ರಿಗಳಿಂದ ಪತ್ರ ಕೊಂಡು ಅರ್ಜಿ ಹಾಕಿದರೆಂಬ ಆರೋಪ ವ್ಯಾಪಕವಾಗಿ ಕೇಳಿಬಂತು. ನಿರೀಕ್ಷೆಗಿಂತ ಬಹಳ ಹೆಚ್ಚು ಅರ್ಜಿಗಳು ಬಂದವು. ಹೋಟೆಲಿನಲ್ಲಿ ಐದು ವರ್ಷ ಪಾತ್ರೆ ತೊಳೆದವನಿಗೆ ಬಿಗಿ, ಹಣ್ಣು ಕಿತ್ತವನಿಗೆ ಮೂರು ತಿಂಗಳು ಸಾಕು! ಇಷ್ಟು ಹೇಳಿದರೆ ಈ ತಕ್ಕಡಿಯನ್ನು ಹಿಡಿದವರಾರೆಂದು ಊಹಿಸಬಹುದು.

ಕುಟುಂಬದ ವಿಷಯದಲ್ಲೂ ಕಾನೂನು ಎಡವಿತು. ಗಂಡ 1981ರಲ್ಲಿ ಬಂದು, ಹೆಂಡತಿ ಮಕ್ಕಳು 1983ರಲ್ಲಿ ಬಂದಿದ್ದರೆ ಗಂಡ ಸಕ್ರಮ, ಹೆಂಡತಿ ಮಕ್ಕಳು ಅಕ್ರಮ. ವಲಸೆ ಹೋಗುವ ಯಾವ ಜನಾಂಗದಲ್ಲಾದರೂ ಗಂಡಸು ಮೊದಲು ಹೋಗಿ ಒಂದು ಖೋಲಿ ಹಿಡಿದು ಆಮೇಲೆ ಸಂಸಾರ ಕರೆಸಿಕೊಳ್ಳುವುದು ವಾಡಿಕೆ. ಮುಂಬಯಿಯ ಉಡುಪಿ ಹೋಟೆಲುಗಳಿಗೆ ಬಂದ ನಮ್ಮವರೂ ಹಾಗೆಯೇ ಬಂದವರು. ಒಂದೇ ಮನೆಯ ಜನರನ್ನು ತಾರೀಖು ಹೀಗೆ ಇಬ್ಭಾಗ ಮಾಡಿದ ಮೇಲೆ ತೇಪೆ ಹಾಕಬೇಕಾಯಿತು. 1987ರಲ್ಲಿ ವಲಸೆ ಇಲಾಖೆ ಕೆಲವು ಮಕ್ಕಳಿಗೆ ವಿನಾಯಿತಿ ಕೊಟ್ಟಿತು. 1990ರಲ್ಲಿ ಅದನ್ನು ವಿಸ್ತರಿಸಿತು. ಅದೇ ವರ್ಷ ಹೊಸ ಕಾನೂನೇ ಬಂದಿತು.

ಮಾಲೀಕರಿಗೆ ದಂಡ ಎಂಬ ಎರಡನೆಯ ಕಾಲು ಮೊದಲಿನಿಂದಲೂ ಕುಂಟು. ಕೆಲಸಕ್ಕೆ ಸೇರುವವನು ಕೊಟ್ಟ ಕಾಗದ ಮೇಲ್ನೋಟಕ್ಕೆ ಅಸಲಿಯಂತೆ ಕಂಡರೆ ಮಾಲೀಕ ಪಾರಾದ. ಅದು ನಿಜವಾಗಿ ಅಸಲಿಯೇ ಎಂದು ವಿಚಾರಿಸುವ ಹೊಣೆ ಅವನದಲ್ಲ. ಪರಿಣಾಮವಾಗಿ ಖೋಟಾ ಕಾಗದಗಳ ಪೇಟೆ ಬೆಳೆಯಿತು. ಇನ್ನೊಂದು ಕಡೆ, ಬಣ್ಣದಲ್ಲೋ ಉಚ್ಚಾರದಲ್ಲೋ ಪರದೇಶಿಯಂತೆ ತೋರುವವರನ್ನು, ಅವರು ಅಮೆರಿಕದ ಪ್ರಜೆಗಳೇ ಆಗಿದ್ದರೂ, ಕೆಲಸಕ್ಕೆ ಸೇರಿಸದೆ ದೂರವಿಡುವುದು ಹೆಚ್ಚಿತೆಂದು ಅಲ್ಲಿನ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆಯೇ 1990ರಲ್ಲಿ ವರದಿ ಮಾಡಿತು.

ಈ ದೋಷಗಳೆಲ್ಲ ಇದ್ದರೂ ಅವುಗಳನ್ನು ತಿದ್ದಬಹುದಿತ್ತು. ತಿದ್ದಲಾಗದ ಮೂಲ ದೋಷವೊಂದಿತ್ತು. ಅದು, ‘ಇದೊಂದು ಸಲ, ಇನ್ನು ಮುಂದಿಲ್ಲ’ ಎಂಬ ಭಾವನೆ. ಹಳೆಯ ಬಾಕಿ ಚುಕ್ತಾ ಮಾಡಿ ಖಾತೆ ಮುಚ್ಚಿದೆವೆಂದು ಸರಕಾರ ತಿಳಿಯಿತು. ಖಾತೆ ಮುಚ್ಚಲಿಲ್ಲ. 1982ರ ಜನವರಿ 2ರಂದು ಬಂದವನು ಮರುದಿನವೂ ಅಲ್ಲಿಯೇ ಇದ್ದ. ತೋಟ, ಕಟ್ಟಡ, ಹೋಟೆಲುಗಳ ಕೆಲಸ ಜನರನ್ನು ಕರೆಯುತ್ತಲೇ ಇತ್ತು. ಅಂಥ ಕುಶಲವಲ್ಲದ ಕೆಲಸಕ್ಕೆ ಕಾಯಂ ವೀಸಾ ಎಷ್ಟಿತ್ತು? 1990ರ ಕಾನೂನು ಅದನ್ನು ವರ್ಷಕ್ಕೆ 10,000ಕ್ಕೆ ಮಿತಗೊಳಿಸಿತು—ಇಡೀ ದೇಶಕ್ಕೆ, ಜಗತ್ತಿನ ಎಲ್ಲ ಕಡೆಯಿಂದ, ಕುಟುಂಬದವರೂ ಸೇರಿ. 1996ರಲ್ಲಿ ಇನ್ನೊಂದು ಕಾನೂನು ಬಂದು, ಒಂದು ವರ್ಷಕ್ಕಿಂತ ಹೆಚ್ಚು ಅಕ್ರಮವಾಗಿದ್ದು ಹೊರಹೋದವನು 10 ವರ್ಷ ಮರಳಿ ಬರುವಂತಿಲ್ಲ ಎಂದಿತು. ಸುಗ್ಗಿಗೆ ಬಂದು ಹಬ್ಬಕ್ಕೆ ಊರಿಗೆ ಮರಳುತ್ತಿದ್ದವರು, ಕಾವಲು ಬಿಗಿಯಾದಂತೆ, ಹೋದರೆ ಮರಳಿ ಬರಲಾಗದೆಂದು ಅಲ್ಲೇ ಉಳಿದರು. 1990ರಲ್ಲಿ ಸುಮಾರು 35 ಲಕ್ಷವಿದ್ದ ಇಂಥವರ ಸಂಖ್ಯೆ 2007ಕ್ಕೆ ಒಂದು ಕೋಟಿ 20 ಲಕ್ಷ ದಾಟಿತು; 2023ಕ್ಕೆ ಒಂದು ಕೋಟಿ 40 ಲಕ್ಷವಾಯಿತೆಂದು ಪ್ಯೂ ಸಂಶೋಧನಾ ಕೇಂದ್ರದ ಅಂದಾಜು.

ಇದನ್ನು ನೋಡಿ, ‘ಕ್ಷಮಾದಾನ ಕೊಟ್ಟದ್ದರಿಂದಲೇ ಹೀಗಾಯಿತು’ ಎನ್ನುವವರು ಬಹಳ ಮಂದಿ. ಈ ವಾದ ನಿಲ್ಲುವುದಿಲ್ಲವೆಂಬುದಕ್ಕೆ ಅಮೆರಿಕದ ಕಾನೂನು ಪುಸ್ತಕದಲ್ಲೇ ಒಂದು ಸಾಕ್ಷಿಯಿದೆ. ಅದರ ಹೆಸರು ‘ರಿಜಿಸ್ಟ್ರಿ’. 1929ರಲ್ಲಿ ಬಂದ ಈ ಸಣ್ಣ ಕಲಮು ಹೇಳಿದ್ದು ಇಷ್ಟೇ: 1921ರ ಜೂನ್ 3ಕ್ಕೆ ಮೊದಲು ಬಂದು, ಅಂದಿನಿಂದ ಇಲ್ಲಿಯೇ ವಾಸವಾಗಿ, ಸನ್ನಡತೆಯಿಂದಿರುವವನ ಹೆಸರನ್ನು ಕಾಯಂ ನಿವಾಸಿಯೆಂದು ದಾಖಲಿಸಬಹುದು. ಅರ್ಜಿಗೆ ಒಂದು ವರ್ಷದ ಗಡುವಿಲ್ಲ, ಡಂಗುರವಿಲ್ಲ. ಮುಂದೆ ಆ ತಾರೀಖನ್ನು ಕಾಲಕಾಲಕ್ಕೆ ಸರಿಸುತ್ತ ಬಂದರು. 1939ರಲ್ಲಿ ಅದು 1924ಕ್ಕೆ, 1958ರಲ್ಲಿ 1940ಕ್ಕೆ, 1965ರಲ್ಲಿ 1948ಕ್ಕೆ, 1986ರಲ್ಲಿ 1972ರ ಜನವರಿ 1ಕ್ಕೆ ಸರಿಯಿತು. ಓದುಗರು ಕಳೆದು ನೋಡಲಿ: ಕಾನೂನಾದ ವರ್ಷಕ್ಕೂ ತಾರೀಖಿಗೂ ನಡುವೆ 8, 15, 18, 17, 14 ವರ್ಷ. ಅಂದರೆ, ಹೇಗೇ ಬಂದಿರಲಿ, ಹದಿನೈದಿಪ್ಪತ್ತು ವರ್ಷ ದುಡಿದು ಬದುಕಿದವನು ನಮ್ಮವನೇ ಎಂಬ ಒಪ್ಪಂದ ಆ ದೇಶದಲ್ಲಿ ಮೌನವಾಗಿ ನಡೆದುಬಂದಿತ್ತು. ಅದರಿಂದ ದೇಶವೇನೂ ಮುಳುಗಲಿಲ್ಲ.

1986ರ ನಂತರ ಆ ತಾರೀಖು ಅಲುಗಾಡಿಲ್ಲ. ಇಂದಿಗೂ 1972ರ ಜನವರಿ 1. ನಡುವಣ ಅಂತರ 50 ವರ್ಷ ಮೀರಿತು. ಅದರ ಪ್ರಯೋಜನ ಪಡೆಯಬಲ್ಲವರು ಈಗ ಬೆರಳೆಣಿಕೆಯ ಮುದುಕರು. ದೊಡ್ಡ ಕ್ಷಮಾದಾನದ ಗದ್ದಲದಲ್ಲಿ ಸಣ್ಣ ಕಲಮು ಸತ್ತುಹೋಯಿತು. ಆಮೇಲಿನ ಪ್ರಯತ್ನಗಳೆಲ್ಲ ಮತ್ತೆ ದೊಡ್ಡ ಕ್ಷಮಾದಾನದ ಮಾದರಿಯವೇ. 2013ರ ಮಸೂದೆ ಸೆನೆಟ್ಟಿನಲ್ಲಿ 68-32ರಿಂದ ಗೆದ್ದಿತು, ಕೆಳಮನೆ ಅದನ್ನು ಕೈಗೆತ್ತಿಕೊಳ್ಳಲಿಲ್ಲ. 2012ರಲ್ಲಿ, ಬಾಲ್ಯದಲ್ಲಿ ಬಂದವರಿಗೆ ಎರಡೆರಡು ವರ್ಷದ ಅಭಯ ನೀಡಿದ ಆದೇಶವೂ 2007ರ ಜೂನ್ 15 ಎಂಬ ತಾರೀಖಿಗೆ ಕಟ್ಟುಬಿದ್ದಿದೆ. 2022ರಲ್ಲಿ, ಏಳು ವರ್ಷ ವಾಸವಿದ್ದವರಿಗೆಲ್ಲ ಅನ್ವಯಿಸುವಂತೆ ರಿಜಿಸ್ಟ್ರಿಯ ತಾರೀಖು ತಾನಾಗಿ ಸರಿಯಬೇಕೆಂಬ ಮಸೂದೆ ಮಂಡನೆಯಾಯಿತು, ಕಾನೂನಾಗಲಿಲ್ಲ.

ಕೇಂದ್ರ ಸರಕಾರದ ಕಚೇರಿಗಳಲ್ಲಿ ಗುಮಾಸ್ತೆಯಾಗಿರುವ ನಮಗೆ ಈ ‘ಒಂದು ಸಲದ ಕ್ರಮ’ ಹೊಸದೇನೂ ಅಲ್ಲ. ದಿನಗೂಲಿ ನೌಕರರಿಗೆ ತಾತ್ಕಾಲಿಕ ಸ್ಥಾನ ಕೊಟ್ಟು ಕ್ರಮೇಣ ಕಾಯಂ ಮಾಡುವ ಯೋಜನೆ 1993ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂತು. ವರ್ಷದಲ್ಲಿ 240 ದಿನ, ವಾರಕ್ಕೆ ಐದು ದಿನದ ಕಚೇರಿಯಾದರೆ 206 ದಿನ ದುಡಿದಿರಬೇಕು. ಮಸ್ಟರ್ ರೋಲ್ ತೆರೆದು ದಿನ ಎಣಿಸಿದವರಿಗೆ ಗೊತ್ತು: 239 ದಿನದವನೂ 240 ದಿನದವನೂ ಹೊತ್ತದ್ದು ಒಂದೇ ಕಡತ, ಗುಡಿಸಿದ್ದು ಒಂದೇ ಓಣಿ. ಆ ಯೋಜನೆ ನಿರಂತರವಲ್ಲ, ಆ ಹೊತ್ತಿಗೆ ಇದ್ದವರಿಗೆ ಮಾತ್ರ ಎಂದು ಸುಪ್ರೀಂ ಕೋರ್ಟು 2002ರಲ್ಲಿ ಹೇಳಿತು. 2006ರಲ್ಲಿ ಕರ್ನಾಟಕ ಸರಕಾರದ ವಿರುದ್ಧ ಉಮಾದೇವಿ ಪ್ರಕರಣದ ತೀರ್ಪು, ಮಂಜೂರಾದ ಹುದ್ದೆಯಲ್ಲಿ ಹತ್ತು ವರ್ಷ ದುಡಿದವರನ್ನು ಒಂದು ಸಲದ ಕ್ರಮವಾಗಿ ಪರಿಗಣಿಸಿ ಎಂದಿತು. ಮುಂದೆ ದಿನಗೂಲಿಯವರು ಇಲ್ಲವಾದರೆ? ಹೆಸರು ಮಾತ್ರ ಬದಲಾಯಿತು. ಗುತ್ತಿಗೆ, ಹೊರಗುತ್ತಿಗೆ ಎಂದು ಅದೇ ಮೇಜಿನ ಎದುರು ಅದೇ ಕೆಲಸ. ಹತ್ತಾರು ವರ್ಷ ದುಡಿದವರನ್ನು ಉಮಾದೇವಿ ತೀರ್ಪು ತೋರಿಸಿ ಹೊರಹಾಕುವುದು ಸಲ್ಲದೆಂದು ಅದೇ ನ್ಯಾಯಾಲಯ 2024ರ ಡಿಸೆಂಬರಿನಲ್ಲಿ ಹೇಳಬೇಕಾಯಿತು. ಕೆಲಸವಿರುವವರೆಗೆ ಕೆಲಸಗಾರನಿರುತ್ತಾನೆ, ಅವನಿಗೆ ಸರಿಯಾದ ಬಾಗಿಲಿಲ್ಲದಿದ್ದರೆ ಕಿಟಕಿಯಿಂದ ಬರುತ್ತಾನೆ.

ಈಗ ‘ಸಾಲು ಮುರಿದವರು’ ಎಂಬ ಆಕ್ಷೇಪ. ನಮ್ಮ ಮಕ್ಕಳು ಗ್ರೀನ್ ಕಾರ್ಡಿಗಾಗಿ ದಶಕಗಟ್ಟಲೆ ಕಾಯುವುದು ನಿಜ, ಅದರ ಸಂಕಟವೂ ನಿಜ. ಆದರೆ ಆ ಸಾಲು ನಿಂತಿರುವುದು ಒಂದೊಂದು ದೇಶಕ್ಕೆ ಶೇಕಡಾ 7ರ ಮಿತಿಯಿರುವುದರಿಂದ. 1986ರಲ್ಲಿ ಸಕ್ರಮಗೊಂಡ 27 ಲಕ್ಷ ಜನರನ್ನು ವಾರ್ಷಿಕ ವೀಸಾ ಲೆಕ್ಕದಿಂದ ಹೊರಗಿಡಲಾಗಿತ್ತು. ಯಾರ ಸರದಿಯನ್ನೂ ಅವರು ಕಸಿಯಲಿಲ್ಲ. ಇಂಜಿನಿಯರಿಗೆ ನಿಧಾನವಾದರೂ ಒಂದು ಸಾಲಿದೆ. ಹಣ್ಣು ಕೀಳುವವನಿಗೆ ಸಾಲೇ ಇಲ್ಲದಾಗ ಅವನು ಮುರಿದದ್ದು ಯಾವ ಸಾಲನ್ನು?

‘ತಾರೀಖು ಸರಿಸುತ್ತ ಹೋದರೆ ಇನ್ನಷ್ಟು ಜನ ಬರುತ್ತಾರೆ’ ಎಂಬುದು ಎರಡನೆಯ ಆಕ್ಷೇಪ. ಮುಂಬಯಿಯ ಜೋಪಡಿಗಳ ಉದಾಹರಣೆ ಇಲ್ಲಿ ತಪ್ಪದೆ ಬರುತ್ತದೆ: ಮೊದಲು 1995, ಆಮೇಲೆ 2000. ಈ ಮಾತನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಚುನಾವಣೆಯ ಮುನ್ನ ಇದ್ದಕ್ಕಿದ್ದಂತೆ ತಾರೀಖು ಸರಿದರೆ, ಇನ್ನೊಂದು ಚುನಾವಣೆಗೆ ಮತ್ತೆ ಸರಿದೀತೆಂಬ ಆಸೆ ಹುಟ್ಟುವುದು ಸಹಜ. ನಡುವಿನ ದಲಾಲಿಗಳು ಆ ಆಸೆಯನ್ನೇ ಮಾರುತ್ತಾರೆ. ಇದಕ್ಕೆ ಮದ್ದು ನಿಯಮ. ಎಷ್ಟು ವರ್ಷ, ಯಾವ ಪುರಾವೆ, ಎಂಥ ನಡತೆ ಎಂಬುದು ಮೊದಲೇ ಬರೆದಿಟ್ಟಿದ್ದರೆ ದಲಾಲಿಗೆ ಮಾರಲು ಏನೂ ಉಳಿಯದು. ಇಂಥ ನಿಯಮ ಕಲ್ಪನೆಯಲ್ಲ. ಸ್ಪೇನ್ ದೇಶ 2005ರಲ್ಲಿ ಒಂದು ದೊಡ್ಡ ಸಕ್ರಮ ಮಾಡಿತು. ಸುಮಾರು 7 ಲಕ್ಷ ಅರ್ಜಿಗಳು ಬಂದವು. ಆದರೆ ಅದರ ಜೊತೆಗೇ ‘ಅರ್ರಾಯ್ಗೊ’—ಬೇರೂರುವಿಕೆ—ಎಂಬ ಕಾಯಂ ನಿಯಮವನ್ನೂ ಇಟ್ಟುಕೊಂಡಿತು. ಮೂರು ವರ್ಷ ವಾಸ, ಅಪರಾಧವಿಲ್ಲದ ನಡತೆ, ಕೆಲಸದ ಒಪ್ಪಂದ ಇದ್ದವರು ಯಾವಾಗ ಬೇಕಾದರೂ ಅರ್ಜಿ ಹಾಕಬಹುದು. 2025ರಲ್ಲಿ ಮೂರು ವರ್ಷವನ್ನು ಎರಡಕ್ಕಿಳಿಸಿದರು. ಪುರಾವೆಯ ತೊಡಕಿಗೂ ಅಲ್ಲಿ ಉತ್ತರವಿದೆ. ಕಾಗದವಿರಲಿ ಇಲ್ಲದಿರಲಿ, ಊರಿನಲ್ಲಿ ವಾಸವಾಗಿರುವವನು ನಗರಸಭೆಯ ನಿವಾಸಿ ಪಟ್ಟಿಯಲ್ಲಿ ಹೆಸರು ಬರೆಸಬಹುದು. ಬಂದ ದಿನದ ದಾಖಲೆ ಸರಕಾರದ ಬಳಿಯೇ ಇದ್ದಮೇಲೆ ಹಳೆಯ ರಸೀದಿಗಳಿಗಾಗಿ ಟ್ರಂಕು ಹುಡುಕುವ ಪ್ರಮೇಯವಿಲ್ಲ. ಸ್ಪೇನಿನಲ್ಲಿ ಎಲ್ಲವೂ ಸುಸೂತ್ರವೆಂದು ಇದರ ಅರ್ಥವಲ್ಲ. ಕೆಲಸದ ಒಪ್ಪಂದವೆಂಬ ಷರತ್ತು ಬಡವನನ್ನು ಮತ್ತೆ ಮಾಲೀಕನ ಮರ್ಜಿಗೆ ಒಪ್ಪಿಸುತ್ತದೆ.

ಒಟ್ಟಿನಲ್ಲಿ, 1986ರ ಕಾನೂನು ಜನರ ಮಟ್ಟಿಗೆ ಉಪಕಾರ ಮಾಡಿತು, ನೀತಿಯ ಮಟ್ಟಿಗೆ ಸೋತಿತು ಎಂದು ಹೇಳಬೇಕಾಗುತ್ತದೆ. ಅದು ಉದಾರವಾಗಿತ್ತು, ಆದರೆ ಆ ಔದಾರ್ಯಕ್ಕೆ ಒಂದು ವರ್ಷದ ಆಯುಸ್ಸು. ಅದಕ್ಕೆ ಹೋಲಿಸಿದರೆ 1929ರ ಸಣ್ಣ ಕಲಮು ಕೃಪಣವಾಗಿತ್ತು, ಆದರೂ ಬಾಳಿತು. ತಾರೀಖು ನಿಂತ ಮೇಲೆ ಅದೂ ನಿಂತಿತು. ಗಡಿಯನ್ನು ಕಾಯುವುದು ಯಾವ ದೇಶಕ್ಕಾದರೂ ಹಕ್ಕು; ಅದನ್ನು ಯಾರೂ ಅಲ್ಲಗಳೆಯುವಂತಿಲ್ಲ. ಆದರೆ ಇಪ್ಪತ್ತು ವರ್ಷ ತನ್ನ ಹೊಲದಲ್ಲಿ ದುಡಿಸಿಕೊಂಡವನನ್ನು ‘ನೀನು ಬಂದೇ ಇಲ್ಲ’ ಎನ್ನುವ ಹಕ್ಕು ಯಾವ ಸರಕಾರಕ್ಕೂ ಇರಲಾರದು. ಒಂದೂರಿನ ನೀರು ಕುಡಿದು, ಅಲ್ಲಿನ ಕೆಲಸ ಮಾಡಿ, ಮಕ್ಕಳನ್ನು ಅಲ್ಲಿನ ಶಾಲೆಗೆ ಹಾಕಿದವನು ಯಾವ ದಿನದಿಂದ ಆ ಊರಿನವನಾಗುತ್ತಾನೆ? ಪರವೂರಿನಲ್ಲಿ ಮನೆ ಮಾಡಿರುವ ನಾವು ಈ ಪ್ರಶ್ನೆಯನ್ನು ಬೇರೆಯವರ ಪ್ರಶ್ನೆಯೆಂದು ತಳ್ಳಿಬಿಡಬಾರದು. ಉತ್ತರ ಹೇಳುವ ಕಾನೂನು ಒಂದು ತಾರೀಖನ್ನು ಹಿಡಿದು ಕುಳಿತುಕೊಳ್ಳದೆ, ವರ್ಷಗಳನ್ನು ಎಣಿಸುವಂತಿರಲಿ.